ಬ್ರದರ್ ಕಲಿಸಿದ ಸಾಕ್ಷಿ

ಕೊಡಿಯಾಲ್‌ಬೈಲ್‌ನ ಯಾವುದಾದರೂ ಸಭಾಂಗಣದಲ್ಲಿ ಮೈಕ್ ಕಿರ್ರೆಂದರೆ ಸಾಕು, ಇವತ್ತಿಗೂ ಆ ಬ್ರದರ್‌ನ ಸೆಂಟಿನ ವಾಸನೆ ನನ್ನ ಮೂಗಿಗೆ ಬಡಿಯುತ್ತದೆ. ಅದನ್ನು ದೂಡಿಕೊಂಡು ಹಿಂದೆಯೇ ಕದ್ರಿಯ ನಮ್ಮ ಹೆಂಚಿನ ಮನೆಯ ವಾಸನೆಗಳು ಬರುತ್ತವೆ. ಉಬ್ಬಿ ಹುಳಿಬಂದ ಹಿಟ್ಟು, ಜಗಲಿಯಲ್ಲಿ ಒಣಗಲು ಹಾಕಿದ ಯೂನಿಫಾರ್ಮು, ಬಾಪ್ಪುವಿನ ಸಂಜೆಯ ಬ್ರಾಂಡಿ. ಬಾಪ್ಪು ಅಂದರೆ ನನ್ನ ಪಪ್ಪನ ತಮ್ಮ. ದುಬೈಯಿಂದ ಮರಳಿ ಬಂದು ಪಂಪ್‌ವೆಲ್‌ನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ಹೆಂಡತಿ ತೀರಿಕೊಂಡ ಮೇಲೆ ಮಗ ರೋಶನ್‌ನನ್ನು ಅಜ್ಜಿಯ ಜೊತೆ ಸೇರಿ ತಾನೇ ಬೆಳೆಸಿದ. ರೋಶನ್‌ಗೆ ತೊದಲು. ಊಟದ ನಡುವೆ ಅವನು ಮಾತಿಗೆ ಸಿಕ್ಕಿಕೊಂಡರೆ ನಾವು ಮಕ್ಕಳು ಅದನ್ನು ಮುಗಿಸಿಕೊಡಲು ಹಾತೊರೆಯುತ್ತಿದ್ದೆವು. ಬಾಪ್ಪು ಮಾತ್ರ ತುತ್ತನ್ನು ಕೈಯಲ್ಲೇ ಹಿಡಿದು, ಮಗನ ಮುಖ ನೋಡುತ್ತಾ, ಅವಸರವಿಲ್ಲದೆ ಕಾಯುತ್ತಿದ್ದ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಯುವಜನರ ಶಿಬಿರ ನಡೆಸಲು ಬೆಂಗಳೂರಿನಿಂದ ಬ್ರದರ್ ಬಂದ. ಪಾದ್ರಿಯಲ್ಲ, ಬೋಧನೆ ಮಾಡುತ್ತಾ ಊರೂರು ತಿರುಗುವವ. ಉಳಿದುಕೊಂಡದ್ದು ನಮ್ಮ ಮನೆಯಲ್ಲಿ. ಬದಲಾಗಬೇಕು, ದೇವರು ತನ್ನನ್ನು ಬದಲಾಯಿಸಿದ ಕತೆಯನ್ನು ಸಭೆಯೆದುರು ಧೈರ್ಯವಾಗಿ ಸಾಕ್ಷಿ ಹೇಳಬೇಕು ಎನ್ನುವುದು ಅವನ ಪಾಠ. ಮಾತೇನೋ ಒಳ್ಳೆಯದೇ. ಆದರೆ ಅವನ ಲೆಕ್ಕದಲ್ಲಿ ತೊಳೆದು ತೋರಿಸಲು ಮೊದಲು ಕೆಸರು ಬೇಕಿತ್ತು. "ನೀನು ಎಂಥಾ ಕತ್ತಲೇಲಿದ್ದೆ ಅಂತ ಹೇಳಿದ್ರೆ ತಾನೇ ಜನ ಅಳೋದು?" ಎಂದು ರೋಶನ್‌ನನ್ನು ಕೂರಿಸಿಕೊಂಡು ಕೆದಕಿದ. ಹದಿನೇಳರ ಆ ಹುಡುಗನ ಬದುಕಿನಲ್ಲಿ ಬ್ರದರ್‌ಗೆ ಸಿಕ್ಕ ಮಹಾಪಾಪ ಪಕ್ಕದ ಮನೆಯಿಂದ ಕದ್ದ ಮಾವಿನಕಾಯಿ. ಕೊನೆಗೆ ಅವನ ಕಣ್ಣು ಬಾಪ್ಪುವಿನ ಗ್ಲಾಸಿನ ಮೇಲೆ ಬಿತ್ತು.

ಎರಡನೇ ಸಂಜೆ ಮನೆಯವರೆಲ್ಲ ಶಿಬಿರಕ್ಕೆ ಹೋಗಿ ಕೂತಿದ್ದೆವು. ಸಾಕ್ಷಿ ಹೇಳಲು ರೋಶನ್‌ನನ್ನು ವೇದಿಕೆ ಹತ್ತಿಸಿದ ಬ್ರದರ್, ಅವನು ತೊದಲಿದ ಕಡೆಯೆಲ್ಲ ಮೈಕ್ ಕಿತ್ತುಕೊಂಡು ತಾನೇ ಪೂರ್ತಿ ಮಾಡಿದ. ಕುಡುಕ ತಂದೆಯಂತೆ, ಹೊಡೆತವಂತೆ, ಹಸಿವಂತೆ, ಬೆಳಕಿಲ್ಲದ ಮನೆಯಂತೆ. ಅದೇ ಮನೆಯಲ್ಲಿ ಮಧ್ಯಾಹ್ನ ಅಜ್ಜಿಯ ಬಂಗುಡೆ ಮೀನಿನ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡ ನಾಲಿಗೆ ಅದು! ಜನ ಕಣ್ಣೊರೆಸಿಕೊಂಡರು. ಎರಡು ಪೆಗ್ಗು ದಾಟದ, ಮಗನ ಮೇಲೆ ಎಂದೂ ಕೈಯೆತ್ತದ ಬಾಪ್ಪು ತಲೆ ತಗ್ಗಿಸಿ ಕೂತಿದ್ದ. ಮನೆಗೆ ಬಂದವನೇ ಬಾಟಲಿಯನ್ನು ಸಿಂಕಿಗೆ ಸುರಿದ.

"ಎಂತ ಮಾಡ್ತಿ ನೀನು?" ಅಂದಳು ಅಜ್ಜಿ.

"ಮಗನಿಗೆ ನಾಚಿಕೆ ಆಗುವುದು ಬೇಡ" ಅಂದ ಬಾಪ್ಪು. ಬಾಗಿಲಲ್ಲಿ ನಿಂತಿದ್ದ ರೋಶನ್ ಅದನ್ನು ಕೇಳಿಸಿಕೊಂಡ.

ಮಾರನೆಯ ದಿನ ಯಾರೂ ಕರೆಯದೆ ರೋಶನ್ ವೇದಿಕೆ ಹತ್ತಿದ. "ನಿನ್ನೆ ಹೇಳಿದ್ದು ಸು... ಸು..."

"ಸುವಾರ್ತೆ!" ಎಂದು ಬ್ರದರ್ ನಗುತ್ತಾ ಮುಗಿಸಿಯೇಬಿಟ್ಟ. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಲ್ಲಿ ಬಾಪ್ಪು ಎದ್ದು ನಿಂತ. "ಅವನೇ ಹೇಳಲಿ ಮಾರಾಯ್ರೇ. ನಾವು ಕಾಯ್ತೇವೆ."

"ಸುಳ್ಳು" ಅಂದ ರೋಶನ್. "ಪಪ್ಪ ನನಗೆ ಒಂದು ಪೆಟ್ಟೂ ಕೊಟ್ಟಿಲ್ಲ. ದೇ... ದೇವರು ಕಾಯ್ತಾನೆ ಅಂತ ನನಗೆ ಗೊತ್ತಾದದ್ದೇ ಪಪ್ಪನನ್ನು ನೋಡಿ."

ಬ್ರದರ್ ಮೈಕ್ ಆಫ್ ಮಾಡಿಸಿ ಹಾಡು ಹಾಕಿಸಿದ. ಮನಪರಿವರ್ತನೆಯನ್ನೇ ಕಸುಬು ಮಾಡಿಕೊಂಡವನಿಗೆ ಕಣ್ಣೆದುರಲ್ಲೇ ಒಬ್ಬ ಹುಡುಗ ಬದಲಾದದ್ದು ಕಾಣಿಸಲಿಲ್ಲ. ಬೆಳಿಗ್ಗೆ ಬ್ರದರ್ ಅಜ್ಜಿಯ ಮುಖ ನೋಡದೆ ಹೊರಟ. ಅವಳು ಕಟ್ಟಿಟ್ಟ ಉಪ್ಪಿನಕಾಯಿಯನ್ನು ಮಾತ್ರ ಮರೆಯಲಿಲ್ಲ.

ಅಜ್ಜಿ ಹೋದಳು, ಬಾಪ್ಪುವೂ ಹೋದ. ಮನೆ ಇದ್ದಲ್ಲಿ ಈಗ ಫ್ಲ್ಯಾಟುಗಳು. ಅಂಥದ್ದೊಂದು ಮನೆ ನೀವೂ ಕಳೆದುಕೊಂಡಿರಬಹುದು. ಬ್ರದರ್ ಚೆನ್ನಾಗಿದ್ದಾನೆ. ತನ್ನ ಪ್ರಾರ್ಥನೆಯಿಂದ ಮಂಗಳೂರಿನ ತೊದಲು ಹುಡುಗನ ನಾಲಿಗೆ ಬಿಡುಗಡೆಯಾಯಿತೆಂದು ಯೂಟ್ಯೂಬಿನಲ್ಲಿ ಕಣ್ಣೀರು ಸುರಿಸುತ್ತಾನೆ. ಶನಿವಾರಗಳಂದು ಚರ್ಚಿನ ಹುಡುಗರ ಜೊತೆ ಕೂತು ಅವರ ಮಾತು ಕೇಳುವ ರೋಶನ್‌ಗೆ ಅದನ್ನು ತೋರಿಸಿದೆ. ಅವನು ನಕ್ಕ. "ಹೇ... ಹೇಳಲಿ ಬಿಡು ಮಾರಾಯ್ತಿ." ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಬ್ರದರ್‌ಗೆ ತಿಳಿಯದ ಸಂಗತಿಯೊಂದು ಉಂಟು. ಆ ಮನೆಯಲ್ಲಿ ಸಂಜೆಯಾದರೆ ನಾವೆಲ್ಲ ಮೊಣಕಾಲೂರಿ ಒಟ್ಟಿಗೆ ಜಪಸರದ ಪ್ರಾರ್ಥನೆ ಹೇಳುತ್ತಿದ್ದೆವು. ಅಜ್ಜಿ ಆಕಳಿಸುತ್ತಾ, ಬಾಪ್ಪು ದಪ್ಪ ದನಿಯಲ್ಲಿ, ನಾನು ಅರೆನಿದ್ದೆಯಲ್ಲಿ. ಹಾಗೆ ಎಲ್ಲರ ದನಿಯೊಳಗೆ ದನಿ ಸೇರಿಸುವಾಗ ರೋಶನ್ ಒಂದಕ್ಷರವೂ ತೊದಲುತ್ತಿರಲಿಲ್ಲ. ಈಗ ಅವನು ತನ್ನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಜಪಸರ ಹೇಳುತ್ತಾನೆ. ತೊದಲುತ್ತಾನೆ.