ಬಳೆ ಚಾಚಿ ಹಿಡಿದ ಕೈ

ಊರಿನ ಕೈಗಳಿಗೆಲ್ಲ ಬಳೆ ತೊಡಿಸುತ್ತಿದ್ದ ಚಾಚಿಯ ಕೈಯಲ್ಲಿ ಒಂದೂ ಬಳೆ ಇರುತ್ತಿರಲಿಲ್ಲ. ಅಂಗೈ ತುಂಬ ಗಾಜು ಗೀರಿದ ಬಿಳಿ ಗೆರೆಗಳು. ಹೆಬ್ಬೆರಳಿನ ತುದಿ ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಯಾಕೆ ತೊಟ್ಟುಕೊಳ್ಳುವುದಿಲ್ಲ ಎಂದು ಕೇಳಿದರೆ, "ಗಾಜಿಗೆ ಗಾಜು ಬಡಿದ್ರ ಗಿರಾಕಿ ಬಳಿನ ಮೊದಲ ಒಡಿತಾವ. ಲುಕ್ಸಾನ ಯಾರಿಗೆ?" ಎನ್ನುತ್ತಿದ್ದಳು.

ಗಜೇಂದ್ರಗಡದ ನಮ್ಮ ನೇಕಾರರ ಓಣಿಗೆ ಅವಳು ಕಾಲಿಟ್ಟರೆ ಮಗ್ಗಗಳು ನಿಲ್ಲುತ್ತಿದ್ದವು. ನಮ್ಮ ಹೆಬ್ಬೆರಳ ಬುಡ ಒತ್ತಿ ಹಿಡಿದು, ಯಾರದೋ ಅತ್ತೆಯ ಮೇಲೆ ಒಂದು ನಗೆಮಾತು ಬಿಡುವಳು. ನಾವು ನಕ್ಕಾಗ ಕೈ ಸಡಿಲಾಗುತ್ತಿತ್ತು, ಅಷ್ಟರಲ್ಲಿ ಬಳೆ ಗೆಣ್ಣು ದಾಟುತ್ತಿತ್ತು. ಆಗ ಚೀರದವರೇ ಇಲ್ಲ.

"ಏ ಚಾಚಿ, ಕೈ ಮುರಿತೀ ಏನ!"

"ಬೈಯ್ರಿ ಬೈಯ್ರಿ, ಬೈದಷ್ಟು ಲಗೂ ಏರತಾವ."

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಅವ್ವ ತೀರಿದ್ದರಿಂದ ತಂಗಿಯ ಬಾಣಂತನ ನನ್ನ ಪಾಲಿಗೆ ಬಂತು. ರೋಣದ ದವಾಖಾನೆಯಲ್ಲಿ ಅವಳಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು. ನನಗೆ ಗೊತ್ತಿದ್ದದ್ದು ಅವ್ವ ಮಾಡುತ್ತಿದ್ದ ಬಾಣಂತನವೊಂದೇ: ಬಾಣಂತಿ ಮಲಗುವ ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಕಿವಿಗೆ ಅರಳೆ, ಹೊಟ್ಟೆ ಇಳಿಯಲೆಂದು ಹಳೆಯ ಸೀರೆಯ ಬಿಗಿಕಟ್ಟು. ಆ ಕಟ್ಟನ್ನು ಹೊಲಿಗೆಯ ಮೇಲೆಯೇ ಕಟ್ಟಿದೆ. ಕೊಟ್ಟಿದ್ದ ನೋವಿನ ಗುಳಿಗೆಗಳು ಹಾಲಿಗಿಳಿದು ಕೂಸಿಗೆ ಹೋದಾವೆಂದು ಗೋಡೆಯ ಮಾಡದಲ್ಲಿ, ದೀಪದ ಪಕ್ಕ ಇಟ್ಟುಬಿಟ್ಟೆ. ತಂಗಿ ನರಳಿದರೆ, "ಅವ್ವ ಹಡೆದು ಲಗೂನ ಮಗ್ಗಕ್ಕ ಕುಂತಿದ್ಲು. ನೀ ಹೆರಿಗಿ ಬ್ಯಾನಿನ ತಿಂದಿಲ್ಲ, ಎಂಥಾ ನರಳಾಟ ಇದು?" ಎಂದೆ.

ಆಮೇಲೆ ಅವಳು ನರಳುವುದನ್ನೇ ಬಿಟ್ಟಳು. ರೊಟ್ಟಿ ಮುಟ್ಟದೆ ಗಂಗಾಳ ಸರಿಸುತ್ತಿದ್ದಳು. ಕೂಸು ಅತ್ತರೆ ಮಗ್ಗುಲು ತಿರುಗುತ್ತಿದ್ದಳು. ನಾನು ಅದನ್ನು ಹಟವೆಂದೇ ತಿಳಿದೆ.

ತೊಟ್ಟಿಲ ಕಾರ್ಯಕ್ಕೆ ಮುಂಚೆ ಬಾಣಂತಿಗೆ ಬಳೆ ತೊಡಿಸಬೇಕಲ್ಲ, ಚಾಚಿ ಬಂದಳು. ತಂಗಿಯ ಕೈ ಹಿಡಿದು ಎಂದಿನ ನಗೆಮಾತು ಹೇಳಿದಳು. ತಂಗಿ ನಗಲಿಲ್ಲ. ಬಳೆಯೊಂದು ಗೆಣ್ಣಿನ ಮೇಲೆ ಒಡೆದು ರಕ್ತ ಒಸರಿತು. ತಂಗಿ ಆ ಕಡೆ ನೋಡಲೂ ಇಲ್ಲ. ಚಾಚಿ ಬಳೆಗಳನ್ನು ಪೆಟ್ಟಿಗೆಗೆ ಹಾಕಿ, ಸೆರಗಿನಿಂದ ರಕ್ತ ಒರೆಸಿದಳು.

"ನೋವಾದ್ರ ಕೈ ಎಳಕೋಬೇಕಲ್ಲ ಯವ್ವಾ. ಎಲ್ಲಿ ಹೋಗೀದಿ ನೀ?"

ತಂಗಿ ಬಾಯಿ ಬಿಟ್ಟಳು. "ಗೊತ್ತಿಲ್ಲ ಚಾಚಿ. ಈ ಕೂಸಿಗೆ ನಾ ಇರೂದಕ್ಕಿಂತ ಇಲ್ಲದಿದ್ರನ ಚಲೋ ಅನಸ್ತೈತಿ."

ಚಾಚಿ ನನ್ನ ಕಡೆ ತಿರುಗಿ, "ದವಾಖಾನ್ಯಾಗ ಗುಳಿಗಿ ಕೊಟ್ಟಿದ್ದಿಲ್ಲೇನ?" ಎಂದಳು.

"ಮುಗದಾವು," ಎಂದೆ.

ಚಾಚಿ ಓಣಿಯಲ್ಲಿ ಕಾಯುತ್ತಿದ್ದ ಬೇರೆ ಮನೆಗಳನ್ನು ಬಿಟ್ಟು ಟಂಟಂ ಗಾಡಿ ಕರೆಸಿದಳು, ರೋಣದವರೆಗೂ ತಂಗಿಯ ಪಕ್ಕದಲ್ಲಿ ಕೂತಳು. ದವಾಖಾನೆಯ ಪಡಸಾಲೆಯಲ್ಲಿ ನನ್ನನ್ನು ಬದಿಗೆ ಕರೆದು, ಬಳೆಯ ಪೆಟ್ಟಿಗೆಯಿಂದ ಗುಳಿಗೆಯ ಪೊಟ್ಟಣ ತೆಗೆದಳು. ನಾನು ಕೂಸಿನ ಅರಿವೆ ಹುಡುಕುವಾಗ ಮಾಡದಿಂದ ಎತ್ತಿಕೊಂಡಿದ್ದಳಂತೆ.

"ಮುಗದಿಲ್ಲ ಇವು. ಡಾಕ್ಟರಿಗೆ ಈಗ ಹೇಳು. ತಂಗಿಗೆ ಯಾವಾಗ ಹೇಳ್ತಿ, ಅದು ನಿನಗ ಬಿಟ್ಟದ್ದು. ನನ್ನ ಬಾಯಿಂದ ಹೊರಗ ಬರೂದಿಲ್ಲ."

ಡಾಕ್ಟರಮ್ಮನನ್ನು ಬದಿಗೆ ಕರೆದು ಹೇಳಿದೆ. ಕಟ್ಟು ಬಿಚ್ಚಿದಾಗ ಹೊಲಿಗೆಯ ಸುತ್ತ ಚರ್ಮ ಕೆಂಪಾಗಿ ಕಿತ್ತುಬಂದಿತ್ತು. ಗುಳಿಗೆ ಹಾಲುಣಿಸುವ ತಾಯಿಗೆಂದೇ ನೋಡಿ ಕೊಟ್ಟದ್ದು, ತಪ್ಪದೆ ಕೊಡಬೇಕು ಎಂದರು ಡಾಕ್ಟರಮ್ಮ. ಮನಸ್ಸಿನದನ್ನೂ ಕೂತು ಕೇಳಿದರು. "ಇದು ಹಟ ಅಲ್ಲ, ಬ್ಯಾನಿ. ಔಷಧಾ ಐತಿ, ಆರಾಮ ಆಗತೈತಿ. ಸದ್ಯಕ್ಕ ಒಬ್ಬಾಕಿನ್ನ ಬಿಡಬ್ಯಾಡ್ರಿ," ಎಂದರು.

ಆ ಮಾತನ್ನು ಚಾಚಿ ನನಗಿಂತ ಬಿಗಿಯಾಗಿ ಹಿಡಿದಳು. ಪ್ರತಿ ಸಲ ಡಾಕ್ಟರಿಗೆ ತೋರಿಸಲು ಹೋಗುವಾಗಲೂ ಜೊತೆಗೆ ಬಂದಳು. ಹಗಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ನೀ ಮಲಗವ್ವ, ನಗೂದು ಆಮ್ಯಾಲೆ," ಎನ್ನುತ್ತಿದ್ದಳು. ಕೆಮ್ಮು ಬಂದರೆ ತಲೆದಿಂಬು ಹೊಟ್ಟೆಗೆ ಒತ್ತಿಕೊಳ್ಳುವುದನ್ನು ದವಾಖಾನೆಯಲ್ಲಿ ನೋಡಿ ಬಂದು ನನಗೂ ಕಲಿಸಿದಳು. ತೊಟ್ಟಿಲ ಕಾರ್ಯ ಮುಂದಕ್ಕೆ ಹೋಯಿತು. ಓಣಿಯವರು ಕೇಳಿದರೆ, "ಬಳಿ ಸೈಜು ಸಿಕ್ಕಿಲ್ರಿ," ಎಂದು ಸುಳ್ಳು ಹೇಳಿದಳು.

ಕೊನೆಗೆ ಒಂದು ಮಧ್ಯಾಹ್ನ ಮತ್ತೆ ಕೈ ಹಿಡಿದಳು. ಬಳೆ ಗೆಣ್ಣಿಗೆ ಬಂದಿತ್ತೋ ಇಲ್ಲವೋ, ತಂಗಿ ಕೈ ಕಿತ್ತುಕೊಂಡು ಕೂಗಿದಳು: "ಏ ಚಾಚಿ, ಕೊಲ್ಲತೀ ಏನ ನನ್ನ!"

"ಬಂದ್ಲು ನೋಡ್ರಿ ನಮ್ಮ ಹುಡುಗಿ!" ಎಂದು ಚಾಚಿ ಬರಿಗೈಯಲ್ಲಿ ಚಪ್ಪಾಳೆ ತಟ್ಟಿದಳು. ನಾನು ಮಗ್ಗದ ಹಿಂದೆ ಹೋಗಿ ಅತ್ತೆ.

ಈಗ ಓಣಿಯಲ್ಲಿ ಹೊಟ್ಟೆ ಕೊಯ್ಸಿಕೊಂಡ ಬಾಣಂತಿ ಬಂದರೆ ನಾನು ಕರೆಯದಿದ್ದರೂ ಹೋಗುತ್ತೇನೆ. ಗುಳಿಗೆ ಕೊಡುತ್ತಿದ್ದೀರಾ ಎಂದು ಮೊದಲು ಕೇಳುತ್ತೇನೆ. ಆಮೇಲೆ ಅವಳ ಕೈ ಹಿಡಿದು ಸುಮ್ಮನೆ ಕೂರುತ್ತೇನೆ.

ಹೋದ ಚಳಿಗಾಲದಲ್ಲಿ ಚಾಚಿ ತೀರಿಕೊಂಡಳು. ಮಾತು ಕೊಟ್ಟಂತೆ ಯಾರಿಗೂ ಹೇಳಿರಲಿಲ್ಲ. ಅವಳ ಮನೆಯಿಂದ ಇಬ್ಬರೂ ನಡೆದು ಬರುವಾಗ, ಗುಳಿಗೆ ಬಚ್ಚಿಟ್ಟದ್ದನ್ನು ನಾನೇ ತಂಗಿಗೆ ಹೇಳಿದೆ. ಅವಳು ನಿಲ್ಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಗೊತ್ತಿತ್ತಕ್ಕಾ. ಹೊರಸಿನ ಮ್ಯಾಲಿಂದ ಮಾಡ ಕಾಣತಿತ್ತು. ಎದ್ದು ತಗೊಳಾಕ ನನಗ ಆಗತಿದ್ದಿಲ್ಲ."