ಚಿಕ್ಕಮ್ಮ ಹೇಳದ ಹೆಸರು

ನಮ್ಮ ಮೆಡಿಕಲ್ ಕಾಲೇಜಿನ ಹುಡುಗಿಯರ ಹಾಸ್ಟೆಲ್‌ನಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕುತ್ತಿದ್ದವರು ನಮಗೆಲ್ಲ ಚಿಕ್ಕಮ್ಮ. ನೆಲಮಾಳಿಗೆಯಲ್ಲಿ ಎರಡು ವಾಷಿಂಗ್ ಮಷಿನ್, ಒಂದು ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಮೊಳೆ. ಇನ್ನೂರು ಬಿಳಿ ಕೋಟುಗಳಲ್ಲಿ ಯಾವುದು ಯಾರದು ಅಂತ ಚೀಟಿ ನೋಡದೆ ಹೇಳುತ್ತಿದ್ದರು. ಒಬ್ಬಳ ಕೋಟಿಗೆ ಸದಾ ಇಂಕಿನ ಕಲೆ, ಇನ್ನೊಬ್ಬಳು ಪರೀಕ್ಷೆ ಹತ್ತಿರ ಬಂದರೆ ತೋಳಿನ ತುದಿ ಕಚ್ಚುವವಳು. ಒಮ್ಮೆ ವಾರ್ಡನ್ ಹತ್ತಿರ ಹೋಗಿ, ಇಂಥವಳ ಕೋಟು ಹತ್ತು ದಿನದಿಂದ ಬಂದಿಲ್ಲ, ಹುಡುಗಿ ಹಾಸಿಗೆ ಬಿಟ್ಟು ಏಳುತ್ತಿಲ್ಲವೇನೋ, ಹೋಗಿ ನೋಡಿ ಅಂದಿದ್ದರು. ನೋಡಿದರೆ ಹಾಗೇ ಇತ್ತು. ಮೂರನೇ ತರಗತಿಗೆ ಶಾಲೆ ಬಿಟ್ಟವರು, ಆದರೆ ನಮ್ಮನ್ನು ಓದುವುದರಲ್ಲಿ ಪ್ರೊಫೆಸರುಗಳೂ ಅವರ ಹತ್ತಿರ ಸುಳಿಯುವಂತಿರಲಿಲ್ಲ.

ನನ್ನ ರೂಮಿನವಳನ್ನು ನಾವು ರ್‍ಯಾಂಕಮ್ಮ ಅನ್ನುತ್ತಿದ್ದೆವು. ಪ್ರತಿ ಪರೀಕ್ಷೆಯಲ್ಲೂ ಅವಳೇ ಮೊದಲು. ಕೊನೆಯ ವರ್ಷ ಓದಲು ಎಚ್ಚರವಿರುವುದಕ್ಕೆ ಮಾತ್ರೆ ಶುರು ಮಾಡಿದಳು, ಆಮೇಲೆ ನಿದ್ದೆಗೆ ಮಾತ್ರೆ, ಕೊನೆಗೆ ವಾರ್ಡಿನಲ್ಲಿ ರೋಗಿಗಳಿಗೆ ಕೊಟ್ಟು ಉಳಿದ, ನೋವು ತಗ್ಗಿಸುವ ಇಂಜೆಕ್ಷನ್. ಸೆಕೆಯಲ್ಲೂ ಅವಳು ಉದ್ದ ತೋಳು ಇಳಿಬಿಟ್ಟಿರುವುದನ್ನು, ಬಚ್ಚಲಮನೆಯ ಬಾಗಿಲು ಹಾಕಿದರೆ ಗಂಟೆಗಟ್ಟಲೆ ತೆಗೆಯದಿರುವುದನ್ನು ನಾನು ನೋಡಿದ್ದೆ. ಕೇಳಿದರೆ ಅವಳು ಉತ್ತರ ಕೊಟ್ಟುಬಿಡಬಹುದು ಅಂತ ಹೆದರಿ ಕೇಳಲಿಲ್ಲ.

ಒಂದು ಬೆಳಿಗ್ಗೆ ಚಿಕ್ಕಮ್ಮ ಎಂದಿನಂತೆ ಒಗೆಯುವ ಮುಂಚೆ ಜೇಬಿಗೆ ಕೈ ಹಾಕಿದಾಗ ಇಂಜೆಕ್ಷನ್ ಸೂಜಿ ಬೆರಳಿಗೆ ಹೊಕ್ಕಿತು. ವಾರ್ಡನ್ ಓಡಿ ಬರುವಷ್ಟರಲ್ಲಿ ಆ ಕೋಟನ್ನು ಗುಡ್ಡೆಗೆ ಸೇರಿಸಿಬಿಟ್ಟಿದ್ದರು. ಯಾರದೆಂದು ಕೇಳಿದರೆ ಗೊತ್ತಾಗಲಿಲ್ಲ ಅಂದರು. ಚಿಕ್ಕಮ್ಮ ಸುಳ್ಳು ಹೇಳಿದ್ದನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ, ಆ ಸೂಜಿ ಮೊದಲು ಬಳಸಿದವರ ರಕ್ತ ಪರೀಕ್ಷೆ ಆಗದಿದ್ದರೆ ಎಚ್‌ಐವಿ ಸೋಂಕು ತಗುಲದಂತೆ ನೀವು ತಿಂಗಳು ಪೂರ್ತಿ ಮಾತ್ರೆ ನುಂಗಬೇಕಾಗುತ್ತೆ ಅಂದರಂತೆ. ಮೊದಲ ಮಾತ್ರೆಗೇ ವಾಂತಿಯಾಯಿತು. ಮಧ್ಯಾಹ್ನ, ಮಂಡಿನೋವಿನ ಕಾಲೆಳೆದುಕೊಂಡು ಮೂರು ಮಹಡಿ ಹತ್ತಿ ನಮ್ಮ ರೂಮಿಗೆ ಬಂದರು.

ಕುರ್ಚಿ ಕೊಟ್ಟರೆ ಕೂರಲಿಲ್ಲ. ರ್‍ಯಾಂಕಮ್ಮನ ಮಂಚದ ಪಕ್ಕ ನಿಂತರು.

"ಕೋಟು ನಿಂದೇ ಅಂತ ನಂಗೊತ್ತು. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನೀನೇ ಹೇಳ್ಬೇಕು ಮಗಳೇ."

ರ್‍ಯಾಂಕಮ್ಮ ಗೋಡೆ ನೋಡುತ್ತಾ, "ಹೇಳಿದ್ರೆ ನನ್ನ ಓದು ಮುಗೀತು ಚಿಕ್ಕಮ್ಮ" ಅಂದಳು.

"ಓದು ಹಾಗಿರ್ಲಿ. ನೀನು ಉಳೀಬೇಕಲ್ಲ. ಮುಖ ತೊಳ್ಕೊಂಡು ಬಾ, ನಾನೂ ಜೊತೆಗೆ ಬರ್ತೀನಿ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ನನಗೆ ತಡೆಯಲಾಗಲಿಲ್ಲ, ನನಗೆ ಮೊದಲೇ ಅನುಮಾನವಿತ್ತು ಅಂದುಬಿಟ್ಟೆ. ಬೈಗುಳ ಕಾದಿದ್ದೆ. ಚಿಕ್ಕಮ್ಮ, ಹಾಗಾದರೆ ನೀನೂ ಬಾ ಅಂದರು, ಅಷ್ಟೇ.

ಮೂವರೂ ನಡೆದುಕೊಂಡೇ ಮನೋರೋಗ ವಿಭಾಗಕ್ಕೆ ಹೋದೆವು. ರ್‍ಯಾಂಕಮ್ಮನ ರಕ್ತದಲ್ಲಿ ಸೋಂಕಿರಲಿಲ್ಲ. ಚಿಕ್ಕಮ್ಮನ ಮಾತ್ರೆ ಮೂರನೇ ದಿನಕ್ಕೇ ನಿಂತಿತು.

ಪ್ರಿನ್ಸಿಪಾಲರು ಸುಮ್ಮನಿರಲಿಲ್ಲ. ವಾರ್ಡಿನ ಔಷಧಿ ಕದ್ದವಳನ್ನು ಕಾಲೇಜಿನಿಂದ ತೆಗೆಯಬೇಕೆಂದು ವಿಚಾರಣೆ ಕರೆದು, ಚಿಕ್ಕಮ್ಮನ ಹೇಳಿಕೆ ಕೇಳಿದರು.

"ಚುಚ್ಚಿದ್ದು ನನ್ನ ಬೆರಳಿಗೆ ಸಾರ್. ನಂಗೇ ಇಲ್ಲದ ಸಿಟ್ಟು ನಿಮಗ್ಯಾಕೆ? ಕಾಯಿಲೆ ಬಿದ್ದವರನ್ನ ನೋಡ್ಕೊಳ್ಳೋದನ್ನೇ ಅಲ್ವಾ ಇಲ್ಲಿ ಕಲಿಸೋದು?"

ಕೊನೆಗೆ ಒಂದು ವರ್ಷ ರಜೆ, ಚಿಕಿತ್ಸೆ, ಡಾಕ್ಟರ ಪತ್ರ ತಂದರೆ ವಾಪಸ್ಸು ಅಂತ ತೀರ್ಮಾನವಾಯಿತು.

ಹೇಳಿದಷ್ಟು ಸುಲಭವೇನೂ ಆಗಲಿಲ್ಲ. ಎರಡನೇ ತಿಂಗಳಲ್ಲಿ, ಊರಿಗೆ ಹೋಗಿದ್ದ ರ್‍ಯಾಂಕಮ್ಮ ಮತ್ತೆ ಚಟಕ್ಕೆ ಜಾರಿದಳು. ಆದರೆ ಈ ಸಲ ತಾನೇ ಫೋನ್ ಮಾಡಿ ಮೊದಲು ಚಿಕ್ಕಮ್ಮನಿಗೆ ಹೇಳಿದಳು, ಆಮೇಲೆ ಡಾಕ್ಟರಿಗೆ. ಅಲ್ಲಿಂದ ಪ್ರತಿ ಭಾನುವಾರ ಚಿಕ್ಕಮ್ಮನೇ ಫೋನ್ ಮಾಡತೊಡಗಿದರು. ಕಾಯಿಲೆಯ ಸುದ್ದಿ ಎತ್ತುತ್ತಿರಲಿಲ್ಲ. ಕೆಟ್ಟು ಕೂತ ಮಷಿನ್ ಬಗ್ಗೆ, ಹೊಸ ಹುಡುಗಿಯರ ಗಲೀಜಿನ ಬಗ್ಗೆ ದೂರು ಹೇಳಿ ನಗಿಸುತ್ತಿದ್ದರು. ರಜೆ ಒಂದೂವರೆ ವರ್ಷಕ್ಕೆ ಎಳೆಯಿತು. ಆಮೇಲೆ ಅವಳು ವಾಪಸ್ಸು ಬಂದು, ತನಗಿಂತ ಚಿಕ್ಕವರ ಜೊತೆ ಕೂತು ಪಾಸಾದಳು. ರ್‍ಯಾಂಕ್ ಬರಲಿಲ್ಲ. ಇನ್ನು ಇವಳಿಗೆ ಬೇರೆ ಹೆಸರು ಹುಡುಕಬೇಕಲ್ಲ ಅಂತ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈಗ ಅವಳು ಡಾಕ್ಟರು, ಚಟಕ್ಕೆ ಸಿಕ್ಕವರಿಗೇ ಚಿಕಿತ್ಸೆ ಕೊಡುತ್ತಾಳೆ. ಚಿಕ್ಕಮ್ಮ ಇನ್ನೂ ನೆಲಮಾಳಿಗೆಯಲ್ಲೇ ಇದ್ದಾರೆ. ಮೊನ್ನೆ ಹೋದಾಗ ಮೇಜಿನ ಪಕ್ಕ ಒಂದು ಬೆಂಚು ಬಂದಿತ್ತು. ಒಗೆಯಲು ಬಟ್ಟೆ ಇಲ್ಲದ ದಿನವೂ ಹುಡುಗಿಯರು ಇಳಿದುಬಂದು ಅಲ್ಲಿ ಕೂರುತ್ತಾರಂತೆ.