ಮಾರಿದ ಹೊಲ, ಮಾರದ ಷೇರು

ನಮ್ಮ ನೆಂಟರಲ್ಲಿ ಯಾರ ಮನೆಯ ಮದುವೆಗೆ ಹೋಗಲಿ, ನಾಮಕರಣಕ್ಕೆ ಹೋಗಲಿ, ಎಲೆ ಹಾಕುವುದಕ್ಕೂ ಮುಂಚೆ ಒಂದು ಮಾತು ಬಂದೇ ಬರುತ್ತದೆ. ಯಲಹಂಕದ ಆಚೆ ನಮ್ಮಪ್ಪ ಮಾರಿದ ರಸ್ತೆ ಪಕ್ಕದ ಹೊಲಕ್ಕೆ ಇವತ್ತು ಎಷ್ಟು ಬೆಲೆ ಎಂಬ ಮಾತು. ವಿಮಾನ ನಿಲ್ದಾಣದ ಸುದ್ದಿಯೇ ಇಲ್ಲದ ಕಾಲದಲ್ಲಿ ಅಪ್ಪ ಅದನ್ನು ಕೊಟ್ಟುಬಿಟ್ಟಿದ್ದರು. ನಮ್ಮ ಸೋದರಮಾವನಿಗಂತೂ ಆ ಲೆಕ್ಕ ಒಪ್ಪಿಸದಿದ್ದರೆ ಊಟ ಸೇರುವುದಿಲ್ಲ. "ಆ ಒಲ ಇವತ್ತು ಇದ್ದಿದ್ರೆ ನೀವು ಇಂಗಿರ್ತಿದ್ರಾ?" ಎಂದು ನನ್ನನ್ನು ಸೀರೆಯಿಂದ ಚಪ್ಪಲಿಯವರೆಗೆ ನೋಡುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ತಮ್ಮ ಈ ಮಾತು ಕೇಳಿಕೊಂಡೇ ಬೆಳೆದ. ಮೀಸೆ ಬಂದ ಮೇಲೆ ತಾನೂ ಹೇಳಲು ಶುರು ಮಾಡಿದ. ಈಗ ಯಲಹಂಕದಲ್ಲಿ ಸೈಟು ಕೊಂಡು ಮಾರುವ ವ್ಯವಹಾರ ಅವನದು. ಆದರೆ ಮನುಷ್ಯ ಕೆಟ್ಟವನಲ್ಲ. ಜಮೀನು ಮಾರುವಾಗ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೈಗಿಟ್ಟು ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಊರಲ್ಲಿ ಉಳಿದಿದ್ದ ಕೊನೆಯ ತುಂಡು ಮಾರಿದಾಗ ತಮ್ಮ ಹಾಗೆ ಮಾಡಲಿಲ್ಲ. "ಅಕ್ಕ, ನಿಂಗೂ ಅಷ್ಟೇ, ನಂಗೂ ಅಷ್ಟೇ" ಎಂದ. ನಾನು ಅಲ್ಲೇ ಅತ್ತುಬಿಟ್ಟೆ.

ಅಳುವುದಕ್ಕೆ ಕಾರಣವಿತ್ತು. ಎಕರೆಗಟ್ಟಲೆ ಇದ್ದ ಮನೆಯ ಮಗಳು ನಾನು. ಮದುವೆಯಾದ ಮೇಲೆ ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸ್, ನಮ್ಮ ಯಜಮಾನರು ನಿವೃತ್ತರಾದ ಮೇಲೆ ಸಂಜಯನಗರದ ಬಾಡಿಗೆ ಮನೆ. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಓನರ್ ಅಪ್ಪಣೆ ಬೇಕು. ಸಾಯುವುದರೊಳಗೆ ನನ್ನದು ಅಂತ ಒಂದು ಹೊಸ್ತಿಲಿಗೆ ರಂಗೋಲಿ ಇಡಬೇಕು, ಅಷ್ಟೇ ನನ್ನ ಆಸೆ.

ಬಂದ ಪಾಲು ಮನೆಗೆ ಸ್ವಲ್ಪ ಸಾಲದಾಯಿತು. ಆಗ ತಮ್ಮ ಹೇಳಿದ: "ಈಗೇನಿದ್ರೂ ಎಐ ಕಾಲ ಅಕ್ಕ. ಅದಕ್ಕೆ ಊಟ, ನೀರು ಎಲ್ಲಾ ಚಿಪ್ಪೇ. ಚಿಪ್ ಕಂಪನಿ ಷೇರಿಗೆ ಹಾಕೋಣ, ನೋಡ್ತಿರು." ನನಗೂ ಆಸೆಯಾಯಿತು. ಷೇರಿನ ಖಾತೆ ಗೀತೆ ನನಗೆ ತಿಳಿಯದು, ಅವನ ಹೆಸರಲ್ಲೇ ಇಬ್ಬರದೂ ಹಾಕಿದ. ಹಾಕುವ ಮೊದಲು ಸೈಟು ನೋಡಿ ಬರುವವನ ಹಾಗೆ ಒಂದು ಕಂಪನಿಯನ್ನು ಹುಡುಕಿಕೊಂಡು ಕಾರಲ್ಲಿ ಹೋಗಿದ್ದನಂತೆ. ವಾಚ್‌ಮನ್ ಒಳಗೆ ಬಿಡಲಿಲ್ಲ. ಕಾಂಪೌಂಡ್ ಸುತ್ತ ಒಂದು ರೌಂಡ್ ಹಾಕಿ ಬಂದು, "ಕಾಂಪೌಂಡ್ ಗಟ್ಟಿಯಾಗಿದೆ ಅಕ್ಕ, ಕಾರ್ನರ್ ಜಾಗ" ಎಂದ. ಅಯ್ಯೋ ಶಿವನೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಷೇರು ಏರಿತು. ಏರಿತು ಅಂದರೆ ಅಪ್ಪ ಮಾರಿದ ಆ ಹೊಲದ ಬೆಲೆಯ ಹಾಗೆಯೇ ಏರಿತು. ದಿನಾ ಬೆಳಿಗ್ಗೆ ತಮ್ಮ ನನ್ನ ಫೋನಿಗೆ ಬೆಲೆ ಏರಿದ ಹಸಿರು ಗೆರೆಯ ಚಿತ್ರ ಕಳಿಸುತ್ತಿದ್ದ. ಅಡುಗೆಮನೆಯಲ್ಲಿ ನಿಂತು ಅದನ್ನು ನೋಡುತ್ತಾ ಯೋಚಿಸುತ್ತಿದ್ದೆ: ನಾನು ಕೊಂಡಿರುವುದಾದರೂ ಏನನ್ನು? ಹೊಲವಾದರೆ ಅಂಚಿನಲ್ಲಿ ನಿಂತು ಮಣ್ಣು ಹಿಸುಕಿ ನೋಡಬಹುದಿತ್ತು. ಚಿಪ್ಪನ್ನು ಮರಳಿನಿಂದ ಮಾಡುತ್ತಾರಂತೆ. ನನಗೆ ಗೊತ್ತಿರುವ ಮರಳು ಮನೆ ಕಟ್ಟುವುದಕ್ಕೆ ಬರುವಂಥದು.

ಅಷ್ಟರಲ್ಲಿ ಸಂಜಯನಗರದ ಓನರ್ ಕಟ್ಟಡ ಕೆಡವಿ ಹೊಸದು ಕಟ್ಟುತ್ತೇನೆ, ಖಾಲಿ ಮಾಡಿ ಎಂದರು. ಅದೇ ಹೊತ್ತಿಗೆ ಶೆಟ್ಟಿಹಳ್ಳಿಯಲ್ಲಿ ಎರಡು ರೂಮಿನ ಹಳೆಯ ಮನೆಯೊಂದು ಮಾರಾಟಕ್ಕಿತ್ತು, ಮುಂದೆ ನುಗ್ಗೆಮರ. ನೋಡಿದ ಕೂಡಲೇ ಮನಸ್ಸು ಅಲ್ಲೇ ಕೂತುಬಿಟ್ಟಿತು. ಷೇರಿನ ದುಡ್ಡು ಈಗ ಸಾಕಾಗಿ ಮಿಗುತ್ತಿತ್ತು. ಮಾರುವವರಿಗೆ ಅವಸರ, ವಾರದೊಳಗೆ ಅಡ್ವಾನ್ಸ್ ಕೊಡದಿದ್ದರೆ ಬೇರೆಯವರಿಗೆ ಕೊಡುತ್ತಾರೆ. ತಮ್ಮನಿಗೆ ಫೋನ್ ಮಾಡಿ ನನ್ನ ಪಾಲಿನದು ಮಾರು ಎಂದೆ.

"ಈಗ್ಲಾ? ತಲೆ ಕೆಟ್ಟಿದ್ಯಾ ಅಕ್ಕ? ಏರ್ತಾ ಇದೆ, ಯಾರಾದ್ರೂ ಮಾರ್ತಾರಾ?" ಎಂದ.

ಮಾರನೆಯ ದಿನ ಅದು ಇಳಿಯಿತು. "ಇಳಿದಾಗ ಮಾರಿದ್ರೆ ಲಾಸು, ಏರ್ಲಿ ಇರು" ಎಂದ. ಮತ್ತೆ ಏರಿತು. ಮತ್ತೆ ಅದೇ ರಾಗ. ಏರಿದರೂ ಮಾರಬಾರದು, ಇಳಿದರೂ ಮಾರಬಾರದು. ಹಾಗಾದರೆ ಮಾರುವ ದಿನ ಯಾವ ಪಂಚಾಂಗದಲ್ಲಿದೆಯೋ ಎಂದು ಬೈದೆ. ಅವನು ಧ್ವನಿ ತಗ್ಗಿಸಿ, "ಅಪ್ಪ ಮಾಡಿದ್ ತಪ್ಪು ನಾನ್ ಮಾಡಲ್ಲ ಅಕ್ಕ" ಎಂದ. ಅವನು ಹೆದರುತ್ತಿದ್ದದ್ದು ತನಗಾಗಿ ಅಲ್ಲ, ನನಗಾಗಿ. ನಾಳೆ ನಾನು ಕೈ ಕೈ ಹಿಸುಕಿಕೊಳ್ಳುತ್ತೇನೆ ಎಂದು ಅವನ ಭಯ.

ಮರುದಿನ ಬೆಳಿಗ್ಗೆ ತಿಂಡಿಯನ್ನೂ ಮಾಡದೆ ಬಸ್ಸು ಹತ್ತಿ ಯಲಹಂಕಕ್ಕೆ ಹೋದೆ. ವರಾಂಡದಲ್ಲಿ ತಮ್ಮ ಬರೀ ಬನಿಯನ್ ಹಾಕಿಕೊಂಡು ಕೂತು ಮಾರ್ಕೆಟ್ ತೆರೆಯುವುದನ್ನು ಕಾಯುತ್ತಿದ್ದ. ಬನಿಯನ್ನಿನ ಕುತ್ತಿಗೆಯಿಂದ ಎದೆಯ ಮೇಲಿನ ಹಳೆಯ ಹೊಲಿಗೆ ಗುರುತು ಕಾಣುತ್ತಿತ್ತು. ಮಗುವಾಗಿದ್ದಾಗ ಅವನ ಹೃದಯದಲ್ಲಿ ತೂತಿತ್ತು. ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು.

"ಅಪ್ಪ ಆ ಹೊಲ ಯಾಕ್ ಮಾರಿದ್ರು, ಹೇಳೋ" ಎಂದೆ.

"ಗೊತ್ತಲ್ಲಕ್ಕ."

"ಗೊತ್ತಿದ್ರೆ ಬಾಯ್ಬಿಟ್ಟು ಹೇಳು."

ಅವನು ಫೋನಿನತ್ತ ತಲೆ ಬಗ್ಗಿಸಿದ. ನಾನೇ ಹೇಳಿದೆ. "ನಿನ್ನ ಆಪರೇಷನ್ನಿಗೆ ಮಾರಿದ್ರು. ಎಲ್ರೂ ಹೊಲದ ರೇಟ್ ಹೇಳ್ತಾರೆ, ನೀನೂ ಹೇಳ್ತೀಯ. ಅಪ್ಪ ಹೊಲ ಕೊಟ್ಟು ನಿನ್ನ ಉಳಿಸ್ಕೊಂಡ್ರು ಕಣೋ. ಏರ್‌ಪೋರ್ಟ್ ಬರ್ಲಿ ಅಂತ ಕಾಯ್ಬೇಕಿತ್ತಾ? ಅದು ತಪ್ಪಾ? ಲಾಸಾ?"

ಅವನ ಕೈ ಎದೆಯ ಮೇಲೆ ಹೋಯಿತು. ಅವನ ಹೆಂಡತಿ ತಂದಿಟ್ಟ ಕಾಫಿ ಹಾಗೇ ಆರಿತು. ಮಾರ್ಕೆಟ್ ತೆರೆದ ಕೂಡಲೇ ಅವನು ಕನ್ನಡಕ ಹಾಕಿಕೊಂಡು ನನ್ನ ಪಾಲಿನ ಷೇರು ಮಾರಿದ. "ಇನ್ನೂ ಏರತ್ತೆ. ಆಮೇಲೆ ನನ್ನ ಬೈಬೇಡ" ಎಂದ. ತನ್ನದನ್ನು ಮುಟ್ಟಲಿಲ್ಲ.

ಅವನು ಹೇಳಿದ ಹಾಗೆ ಏರಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ಅಕ್ಕಿ ತೊಳೆಯುವಾಗಲೂ ಬಿಟ್ಟುಹೋದದ್ದರ ಲೆಕ್ಕ ಮನಸ್ಸಿನಲ್ಲಿ ತಿರುಗುತ್ತಿತ್ತು. ಶೆಟ್ಟಿಹಳ್ಳಿಯ ಮನೆ ಕೊಂಡ ಮೇಲೆ ಗೃಹಪ್ರವೇಶಕ್ಕೂ ಮುಂಚೆಯೇ ದಿನಾ ಹೋಗಿ ಗುಡಿಸಿ ಹೊಸ್ತಿಲಿಗೆ ರಂಗೋಲಿ ಇಡುವಾಗ ಮಾತ್ರ ಅದು ನೆನಪಾಗುತ್ತಿರಲಿಲ್ಲ.

ಗೃಹಪ್ರವೇಶದ ದಿನ ನುಗ್ಗೆಮರದ ಕೆಳಗೆ ಪಂಕ್ತಿ ಹಾಕಿದ್ದೆವು. ಸೋದರಮಾವ ಎಲೆಯ ಮುಂದೆ ಕೂತವನೇ ನನ್ನನ್ನು ಕರೆದ. "ಏನಮ್ಮಾ, ಆ ಸೇರು ಇವತ್ತು ಇದ್ದಿದ್ರೆ ಇದರ ಮೇಲೊಂದು ಅಂತಸ್ತು ಕಟ್ಬೋದಿತ್ತಂತೆ? ನಿಮ್ಮಪ್ಪನ ಬುದ್ಧಿನೇ ನಿಂಗೂ." ನಾನು ಬಾಯಿ ತೆರೆಯುವ ಮುಂಚೆ, ಪಾಯಸ ಬಡಿಸುತ್ತಾ ಬರುತ್ತಿದ್ದ ತಮ್ಮ ಅವನ ಎಲೆಯ ಮುಂದೆ ನಿಂತ.

"ಹೌದು ಮಾವ, ಅಪ್ಪನ ಬುದ್ಧಿನೇ. ಅಕ್ಕ ಷೇರನ್ನ ಈ ಮನೆಗೋಸ್ಕರ ಮಾರಿದ್ಲು. ಅಪ್ಪ ಆ ಹೊಲಾನ ನಂಗೋಸ್ಕರ ಮಾರಿದ್ರು. ಇನ್ಮೇಲೆ ರೇಟ್ ಹೇಳೋವಾಗ ಅದನ್ನೂ ಸೇರಿಸಿ ಹೇಳಿ" ಎಂದು ಎಲೆಯ ತುಂಬ ಪಾಯಸ ಸುರಿದ.

ನಮ್ಮ ನೆಂಟರ ಪಂಕ್ತಿಯಲ್ಲಿ ಅಪ್ಪ ಹೊಲ ಮಾರಿದ ಕಾರಣವನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.